ಮನೆಯಲ್ಲಿ ಹೊಸ ಮೀನಿನ ತೊಟ್ಟಿ: ಮೊದಲು ನೀರು, ಆಮೇಲೆ ಗಿಡ, ಕೊನೆಗೆ ಮೀನು

ಗಾಜಿನ ತೊಟ್ಟಿಯಲ್ಲಿ ಮಣ್ಣು ಹಾಸಿ, ಬೇರು ಬಿಡುವ ಜಲಸಸ್ಯಗಳನ್ನು ನೆಟ್ಟು, ಅವುಗಳ ನಡುವೆ ಸಿಹಿನೀರಿನ ಸಣ್ಣ ಮೀನುಗಳನ್ನು ಸಾಕುವ ಹವ್ಯಾಸ ಹೊಸೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ಮಕ್ಕಳ ಮನೆಗಳಲ್ಲಿಯೂ ಕಾಣಿಸುತ್ತಿದೆ. ಇದು ಒಳ್ಳೆಯ ಹವ್ಯಾಸ. ಆದರೆ ತೊಟ್ಟಿ, ಗಿಡ, ಮೀನು ಮೂರನ್ನೂ ಒಂದೇ ದಿನ ತಂದ ಮನೆಗಳಲ್ಲಿ ಒಂದರಿಂದ ಮೂರು ವಾರಗಳೊಳಗೆ ಮೀನುಗಳು ಒಂದೊಂದಾಗಿ ಸಾಯುವುದು ತೀರ ಸಾಮಾನ್ಯ. ಅಂಗಡಿಯವರು ರೋಗದ ಮೀನು ಕೊಟ್ಟರೆಂದು ಮಕ್ಕಳು ಹೇಳುತ್ತಾರೆ. ಮಕ್ಕಳು ನೀರು ಬದಲಿಸಲಿಲ್ಲವೆಂದು ಹಿರಿಯರು ಗದರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಇವೆರಡೂ ಅಲ್ಲ. ಹೊಸ ತೊಟ್ಟಿಯ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಮೀನಿನ ವಾಸಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ. ಅದನ್ನು ಸಿದ್ಧಗೊಳಿಸಲು ಸುಮಾರು ನಾಲ್ಕರಿಂದ ಆರು ವಾರಗಳ ಕಾಲ ಬೇಕು. ಆ ಕಾಲವನ್ನು ಹೇಗೆ ಬಳಸಬೇಕು, ನಮ್ಮ ಊರುಗಳ ನೀರಿಗೆ ಯಾವ ಮೀನು ಹೊಂದುತ್ತದೆ, ಸಾಕಿದ ಮೀನನ್ನು ಕೆರೆಗೆ ಏಕೆ ಬಿಡಬಾರದು ಎಂಬುದನ್ನು ಪಾಲಕರಿಗೂ ಮಕ್ಕಳಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತಿದ್ದೇವೆ.

ಕಣ್ಣಿಗೆ ಕಾಣದ ಕೆಲಸಗಾರರು

ಮೀನು ತಿಂದ ಆಹಾರದಲ್ಲಿರುವ ಸಾರಜನಕವು ಹೆಚ್ಚಾಗಿ ಅಮೋನಿಯಾ ರೂಪದಲ್ಲಿ ಅದರ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಕೊಳೆತ ಎಲೆಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ, ಕೆರೆಯಲ್ಲಿ ಬೆರೆತು ತೆಳುವಾಗುತ್ತದೆ. ಐವತ್ತು ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಅಮೋನಿಯಾ ಮೀನಿನ ಕಿವಿರನ್ನು ಸುಡುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ, ರೆಕ್ಕೆಗಳನ್ನು ಮುದುಡಿಕೊಳ್ಳುತ್ತದೆ, ಆಹಾರ ಬಿಡುತ್ತದೆ.

ಪ್ರಕೃತಿಯಲ್ಲಿ ಈ ವಿಷವನ್ನು ತೆಗೆಯುವವು ಎರಡು ಬಗೆಯ ಬ್ಯಾಕ್ಟೀರಿಯಾಗಳು. ಮೊದಲನೆಯ ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟ್ ಮಿತಿಯಲ್ಲಿದ್ದರೆ ಮೀನಿಗೆ ಹೆಚ್ಚು ಅಪಾಯವಿಲ್ಲ, ಗಿಡಗಳಿಗೆ ಅದೇ ಗೊಬ್ಬರ. ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಬಾಣದ ಗುರುತುಗಳನ್ನು ಎಳೆದು ಬಾಯಿಪಾಠ ಮಾಡುವ ಸಾರಜನಕ ಚಕ್ರ ಎಂದರೆ ಇದೇ. ಪಠ್ಯಗಳಲ್ಲಿ ಈ ಎರಡನೆಯ ಕೆಲಸಕ್ಕೆ ನೈಟ್ರೋಬ್ಯಾಕ್ಟರ್ ಎಂಬ ಹೆಸರು ಸಾಮಾನ್ಯವಾಗಿ ಇರುತ್ತದೆ. ಆದರೆ ಅಕ್ವೇರಿಯಂಗಳಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರಾ ಎಂಬ ಬೇರೊಂದು ಬ್ಯಾಕ್ಟೀರಿಯಾ ಎಂಬುದು 1990ರ ದಶಕದ ಕೊನೆಯ ಅಧ್ಯಯನಗಳಿಂದ ತಿಳಿದುಬಂತು. ನೈಟ್ರೋಸ್ಪೈರಾದ ಕೆಲವು ಬಗೆಗಳು ಎರಡೂ ಹಂತಗಳನ್ನು ಒಂಟಿಯಾಗಿಯೇ ಮುಗಿಸಬಲ್ಲವು ಎಂಬುದು ಗೊತ್ತಾದದ್ದು 2015ರಲ್ಲಿ. ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವ ಹೆಸರನ್ನೇ ಬರೆಯಲಿ, ತೊಟ್ಟಿಯ ಮುಂದೆ ಕುಳಿತಾಗ ಇದನ್ನೂ ತಿಳಿದಿರಲಿ.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಜಲ್ಲಿ, ಎಲೆ, ಫಿಲ್ಟರಿನ ಸ್ಪಂಜು ಇವುಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬೆಳವಣಿಗೆ ತೀರ ನಿಧಾನ. ನಾಲ್ಕರಿಂದ ಆರು ವಾರ ಕಾಯಬೇಕೆಂಬ ಲೆಕ್ಕ ಬಂದದ್ದು ಇದರಿಂದಲೇ.

ಗಿಡ, ಮೀನು ಮತ್ತು ನೀರಿನ ಈ ಹೊಂದಾಣಿಕೆಯನ್ನು ಮೊದಲಿಗೆ ಕ್ರಮವಾಗಿ ತೋರಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಬ್ಬರು. ಅವರು 1849ರಲ್ಲಿ ಎರಡು ಸಣ್ಣ ಗೋಲ್ಡ್‌ಫಿಶ್ ಹಾಗೂ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನು ಒಂದೇ ಪಾತ್ರೆಯಲ್ಲಿ ಇರಿಸಿದರು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಕೊಳದ ಬಸವನಹುಳುಗಳನ್ನು ಸೇರಿಸಿದರು. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು. ಆ ವ್ಯಾಲಿಸ್ನೇರಿಯಾ ಇಂದಿಗೂ ಹೊಸಬರಿಗೆ ಎಲ್ಲರೂ ಸೂಚಿಸುವ ಗಿಡ. ‘ಅಕ್ವೇರಿಯಂ’ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಕೆಲವು ವರ್ಷಗಳ ಬಳಿಕ, 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ.

ತೊಟ್ಟಿ ಮತ್ತು ನೆಲಹಾಸು

ಮೊದಲ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇರಲಿ. ಇದರಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಚಿಕ್ಕ ತೊಟ್ಟಿ ಸುಲಭವೆಂಬ ನಂಬಿಕೆ ತಪ್ಪು. ನೀರು ಕಡಿಮೆಯಿದ್ದಷ್ಟೂ ವಿಷ ಬೇಗ ಏರುತ್ತದೆ, ಬಿಸಿಲು ಚಳಿಗಳ ಏರಿಳಿತವೂ ಬೇಗ ತಟ್ಟುತ್ತದೆ. ಗುಂಡನೆಯ ಗಾಜಿನ ಬಟ್ಟಲಿನಲ್ಲಿ ಗೋಲ್ಡ್‌ಫಿಶ್ ಇಡುವುದನ್ನಂತೂ ನಾವು ಯಾವ ಮನೆಗೂ ಸೂಚಿಸುವುದಿಲ್ಲ, ಅದು ಮೀನಿಗೆ ಕೊಡುವ ಶಿಕ್ಷೆ.

ನೀರು, ಜಲ್ಲಿ, ಗಾಜು ಸೇರಿ ಈ ತೊಟ್ಟಿಯ ತೂಕ 70 ಕಿಲೋ ದಾಟುತ್ತದೆ. ಟಿ.ವಿ. ಇಡುವ ತೆಳು ಹಲಗೆಯ ಮೇಲೆ ಇಡಬಾರದು. ಮಟ್ಟಸವಾದ ಗಟ್ಟಿ ಮೇಜು ಅಥವಾ ಕಲ್ಲುಚಪ್ಪಡಿಯ ಮೇಲೆ ಒಂದು ಥರ್ಮಾಕೋಲ್ ಹಾಳೆ ಹಾಸಿ ಇಡಬೇಕು. ಕೆಳಗೆ ಒಂದು ಸಣ್ಣ ಕಲ್ಲುಹರಳು ಸಿಕ್ಕಿಕೊಂಡರೂ ತಳದ ಗಾಜು ಸೀಳಬಹುದು. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ನೀರು ಪಾಚಿಗಟ್ಟುತ್ತದೆ.

ನೆಲಹಾಸಿಗೆ ಅಂಗಡಿಯಲ್ಲಿ ಸಿಗುವ ದುಬಾರಿ ಮಣ್ಣೇ ಬೇಕೆಂದಿಲ್ಲ. ಕೆಳಗೆ ಒಂದು ಅಂಗುಲ ಮಣ್ಣು, ಅದರ ಮೇಲೆ ಒಂದೂವರೆ ಅಂಗುಲ ಸಣ್ಣ ಜಲ್ಲಿ ಹಾಕಿ ಗಿಡ ಬೆಳೆಸುವ ಸರಳ ಕ್ರಮವನ್ನು ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು. ಕಬ್ಬಿಣದ ಅಂಶವಿರುವ ನಮ್ಮ ಕೆಮ್ಮಣ್ಣು ಇದಕ್ಕೆ ಸಾಕಷ್ಟು ಒಳ್ಳೆಯದೇ. ಬೇರು, ಕಡ್ಡಿ, ಕಲ್ಲುಗಳನ್ನು ಜರಡಿ ಹಿಡಿದು ತೆಗೆಯಬೇಕು, ಹಸಿ ಸಗಣಿ ಬೆರೆತಿರಬಾರದು.

ಇಲ್ಲಿ ಹೊಸೂರು ಭಾಗದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಸುತ್ತಮುತ್ತ ಗುಲಾಬಿಯ ಪಾಲಿಹೌಸುಗಳೂ ತರಕಾರಿ ತೋಟಗಳೂ ಬಹಳ. ಅನೇಕ ಮಕ್ಕಳ ತಂದೆತಾಯಿಯರು ಅಲ್ಲಿಯೇ ದುಡಿಯುತ್ತಾರೆ. ಆ ಮಣ್ಣು ನೋಡಲು ಸೊಗಸಾಗಿ ಪುಡಿಪುಡಿಯಾಗಿರುತ್ತದೆ, ಒಂದು ಚೀಲ ತರುವುದೂ ಸುಲಭ. ತರಬೇಡಿ. ಅದರಲ್ಲಿ ರಾಸಾಯನಿಕ ಗೊಬ್ಬರ, ಕೀಟನಾಶಕ, ಶಿಲೀಂಧ್ರನಾಶಕಗಳ ಉಳಿಕೆ ಇರಬಹುದು. ಶಿಲೀಂಧ್ರನಾಶಕಗಳಲ್ಲಿ ಅನೇಕ ಸಲ ಇರುವ ತಾಮ್ರ ಅತಿ ಸ್ವಲ್ಪ ಪ್ರಮಾಣದಲ್ಲಿಯೇ ಬಸವನಹುಳು ಮತ್ತು ಸೀಗಡಿಗಳನ್ನು ಕೊಲ್ಲುತ್ತದೆ, ಮೀನಿಗೂ ಒಳ್ಳೆಯದಲ್ಲ. ಹಲವು ವರ್ಷಗಳಿಂದ ಔಷಧಿ ಬೀಳದ ಬೀಳುನೆಲದ ಮಣ್ಣೇ ಲೇಸು.

ಮೇಲಿನ ಜಲ್ಲಿ ಎರಡರಿಂದ ನಾಲ್ಕು ಮಿಲಿಮೀಟರ್ ಗಾತ್ರದ್ದಾಗಿರಲಿ. ಕೃಷ್ಣಗಿರಿ ಜಿಲ್ಲೆಯಲ್ಲಿ ಗ್ರಾನೈಟ್ ಚೂರಿಗೆ ಬರವಿಲ್ಲ, ಗ್ರಾನೈಟ್ ನೀರಿನಲ್ಲಿ ಕರಗುವುದೂ ಇಲ್ಲ. ದೂಳೆಲ್ಲ ಹೋಗಿ ನೀರು ತಿಳಿಯಾಗುವವರೆಗೆ ಏಳೆಂಟು ಸಲ ತೊಳೆಯಬೇಕು. ಅಮೃತಶಿಲೆಯ ಚೂರು, ಸಮುದ್ರದ ಕಪ್ಪೆಚಿಪ್ಪು, ಸುಣ್ಣದಕಲ್ಲು ಬೇಡ. ಅವು ಕರಗಿ ನೀರಿನ ಗಡಸುತನವನ್ನು ಹೆಚ್ಚಿಸುತ್ತವೆ. ಸಂಶಯವಿದ್ದ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ.

ನಮ್ಮ ಊರಿನ ನೀರು

ಅಕ್ವೇರಿಯಂ ಕುರಿತ ಸಲಹೆಗಳು ಬಹುಮಟ್ಟಿಗೆ ಬೇರೆ ದೇಶದ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನೀರಿದೆ: ಕೊಳವೆಬಾವಿಯದು, ನಲ್ಲಿಯದು, ಕ್ಯಾನಿನಲ್ಲಿ ಬರುವ ಆರ್‌ಓ ನೀರು.

ಆಳದ ಕೊಳವೆಬಾವಿಯ ನೀರು ನಮ್ಮಲ್ಲಿ ಹೆಚ್ಚಾಗಿ ಗಡಸು. ಸಾಬೂನು ನೊರೆ ಬಾರದಿರುವುದು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಇದರ ಗುರುತು. ಇಂಥ ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ಇದಕ್ಕೂ ಅಮೋನಿಯಾಕ್ಕೂ ಸಂಬಂಧವಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಸುಮಾರು ಅರ್ಧ ಭಾಗ ಮಾತ್ರ ತೀವ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದಾಗ ಆ ಪಾಲು ನೂರಕ್ಕೆ ಸುಮಾರು ಐದಕ್ಕೆ ಏರುತ್ತದೆ, ಅಂದರೆ ಹತ್ತು ಪಟ್ಟು. ಮೆದು ನೀರಿನ ಊರಿನಲ್ಲಿ ಆತುರಪಟ್ಟು ಮೀನು ಬಿಟ್ಟವರು ಹೇಗೋ ಪಾರಾಗಬಹುದು. ಕೊಳವೆಬಾವಿಯ ನೀರಿನಲ್ಲಿ ಅದೇ ಆತುರಕ್ಕೆ ಮೀನು ಜೀವ ತೆರುತ್ತದೆ.

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕಾರಣ ಹೊಗೇನಕಲ್ಲಿನಿಂದ ಕಾವೇರಿ ನೀರನ್ನು ತರುವ ಯೋಜನೆ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಸಂಸ್ಕರಿಸಿದ ನಲ್ಲಿ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ರಕ್ಷಣೆ ಕೊಡುವ ಆ ಕ್ಲೋರಿನ್ ಮೀನಿನ ಕಿವಿರಿಗೂ ನಾವು ಬೆಳೆಸಬೇಕೆಂದಿರುವ ಬ್ಯಾಕ್ಟೀರಿಯಾಕ್ಕೂ ಮಾರಕ. ಅಗಲಬಾಯಿಯ ಬಕೆಟ್ಟಿನಲ್ಲಿ ನೀರು ಹಿಡಿದು ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಗಾಳಿಪಂಪು ಹಾಕಿದರೆ ಇನ್ನೂ ಬೇಗ. ಅವಸರವಿದ್ದಲ್ಲಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಬಾಟಲಿಯ ಮೇಲೆ ಸೂಚಿಸಿದ ಅಳತೆಯಲ್ಲಿ ಬಳಸಬಹುದು.

ಆರ್‌ಓ ನೀರು ಶುದ್ಧವಾದ್ದರಿಂದ ಮೀನಿಗೆ ಉತ್ತಮವೆಂಬ ಭಾವನೆ ಹಲವರಲ್ಲಿದೆ. ಅದರಲ್ಲಿ ಖನಿಜಾಂಶ ತೀರ ಕಡಿಮೆ. ಅದನ್ನೊಂದನ್ನೇ ತುಂಬಿದರೆ ಮೀನೂ ಗಿಡವೂ ಬಳಲುತ್ತವೆ, ಪಿಎಚ್ ಹಠಾತ್ತನೆ ಕುಸಿಯಲೂಬಹುದು. ಕೊಳವೆಬಾವಿಯ ನೀರು ತೀರ ಗಡಸಾಗಿದ್ದರೆ ಅರ್ಧಕ್ಕರ್ಧ ಆರ್‌ಓ ನೀರು ಬೆರೆಸಿಕೊಳ್ಳುವುದು ಸರಿಯಾದ ಕ್ರಮ. ಹಾಗೆ ಮಾಡಿದರೆ ಪ್ರತಿ ಸಲವೂ ಅದೇ ಪ್ರಮಾಣ ಇರಬೇಕು.

ಇನ್ನು ಉಷ್ಣತೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಗಳಲ್ಲಿ ಮನೆಯೊಳಗಿನ ತೊಟ್ಟಿಯೂ ತಣ್ಣಗಾಗುತ್ತದೆ. ಘಟ್ಟ ಇಳಿದು ಕೃಷ್ಣಗಿರಿಗೆ ಹೋದರೆ ಚಳಿಯ ಚಿಂತೆ ಕಡಿಮೆ, ಬೇಸಗೆಯ ಚಿಂತೆ ಹೆಚ್ಚು. ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಹೊಸೂರಿನಲ್ಲಿ ಉಷ್ಣವಲಯದ ಮೀನು ಸಾಕುವವರಿಗೆ 50 ವ್ಯಾಟಿನ ಹೀಟರ್ ಬೇಕಾಗಬಹುದು. ಕೃಷ್ಣಗಿರಿಯವರು ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಳ ತೆಗೆದು ಜಾಲರಿ ಹೊದಿಸಿ ಗಾಳಿಪಂಪನ್ನು ಹಗಲಿರುಳೂ ಓಡಿಸಬೇಕು.

ಗಿಡ ನೆಡುವುದು, ಆಮೇಲೆ ಕಾಯುವುದು

ಮೊದಲ ತೊಟ್ಟಿಗೆ ಬೇಗ ಬೆಳೆಯುವ ಗಿಡಗಳೇ ಬೇಕು. ಅವು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತವೆ, ಪಾಚಿಗೆ ಆಹಾರ ಉಳಿಸುವುದಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಸೆರಟೋಫಿಲ್ಲಂ ಈ ಕೆಲಸಕ್ಕೆ ಒಳ್ಳೆಯವು. ಇವು ಮೂರೂ ನಮ್ಮ ದೇಶದ ಕೆರೆಕಟ್ಟೆಗಳಲ್ಲಿ ತಾವಾಗಿ ಬೆಳೆಯುವಂಥವು, ಗಡಸು ನೀರನ್ನೂ ಸಹಿಸುತ್ತವೆ. ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಆಲಿಕೆಯ ಕೆಳಗೆ ಇಟ್ಟು ಗುಳ್ಳೆ ಎಣಿಸುವ ಗಿಡ ಹೈಡ್ರಿಲ್ಲಾ. ಪ್ರಯೋಗಾಲಯವಿಲ್ಲದ ಶಾಲೆಯ ಮಗು ಈ ಪ್ರಯೋಗವನ್ನು ಮನೆಯ ತೊಟ್ಟಿಯ ಪಕ್ಕದಲ್ಲಿ ಒಂದು ಗಾಜಿನ ಲೋಟದಲ್ಲಿಯೇ ಮಾಡಿ ನೋಡಬಹುದು. ಬೆಳಕು ಕಡಿಮೆಯಿರುವ ಮೂಲೆಗೆ ಕ್ರಿಪ್ಟೊಕೊರೈನ್ ಅಥವಾ ಜಾವಾ ಫರ್ನ್ ಸಾಕು. ಕ್ರಿಪ್ಟೊಕೊರೈನ್ ನೆಟ್ಟ ಮೊದಲ ವಾರಗಳಲ್ಲಿ ಎಲೆಗಳೆಲ್ಲ ಕರಗಿಹೋದಂತೆ ಕಾಣುತ್ತದೆ. ಕಿತ್ತೆಸೆಯಬೇಡಿ, ಬೇರು ಜೀವಂತವಿದ್ದು ಮತ್ತೆ ಚಿಗುರುತ್ತದೆ. ಜಾವಾ ಫರ್ನಿನ ದಪ್ಪ ಬೇರುಕಾಂಡವನ್ನು ಮಣ್ಣಿನಲ್ಲಿ ಹೂಳಿದರೆ ಕೊಳೆಯುತ್ತದೆ. ಅದನ್ನು ಕಲ್ಲಿಗೆ ದಾರದಿಂದ ಕಟ್ಟಬೇಕು.

ನೀರು ತುಂಬುವಾಗ ಜಲ್ಲಿಯ ಮೇಲೊಂದು ತಟ್ಟೆ ಇಟ್ಟು ತಟ್ಟೆಯ ಮೇಲೆ ನಿಧಾನವಾಗಿ ಸುರಿದರೆ ಮಣ್ಣು ಕದಡುವುದಿಲ್ಲ. ಬೆಳಕಿಗೆ ಒಂದು ಎಲ್‌ಇಡಿ ದೀಪ ಸಾಕು, ದಿನಕ್ಕೆ ಆರೇಳು ತಾಸು. ಇಂಗಾಲದ ಡೈಆಕ್ಸೈಡ್ ಸಿಲಿಂಡರು, ದ್ರವ ಗೊಬ್ಬರ ಮೊದಲಾದವು ಈ ಬಗೆಯ ತೊಟ್ಟಿಗೆ ಅಗತ್ಯವೇ ಇಲ್ಲ. ಫಿಲ್ಟರುಗಳಲ್ಲಿ ಗಾಳಿಪಂಪಿನಿಂದ ನಡೆಯುವ ಸ್ಪಂಜು ಫಿಲ್ಟರೇ ಅಗ್ಗವೂ ನಂಬಿಕಸ್ಥವೂ ಆದದ್ದು.

ಇಲ್ಲಿಗೆ ತೊಟ್ಟಿ ಸುಂದರವಾಗಿ ಕಾಣುತ್ತದೆ, ಮಕ್ಕಳ ತಾಳ್ಮೆ ಮುಗಿಯುತ್ತದೆ. ಕಠಿಣವಾದ ಭಾಗ ಇದೇ. ಈ ಕಾಯುವ ಅವಧಿಗೆ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬರಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಪರೀಕ್ಷಾ ಕಿಟ್ ತಂದರೆ ಇಡೀ ಕಥೆ ಕಣ್ಣಿಗೆ ಕಾಣುತ್ತದೆ: ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದೂ ಇಳಿದ ಮೇಲೆ ನೈಟ್ರೇಟ್ ಕಾಣಿಸುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೆಯೇ ನಿಂತರೆ ಮೀನು ತರಬಹುದು. ಗಿಡಗಳು ದಟ್ಟವಾಗಿ ಬೆಳೆದ ತೊಟ್ಟಿಯಲ್ಲಿ ಈ ಏರಿಳಿತ ಅಷ್ಟು ಸ್ಪಷ್ಟವಾಗಿ ತೋರದಿರಬಹುದು, ಗಿಡಗಳೇ ಅರ್ಧ ಕೆಲಸ ಮುಗಿಸಿರುತ್ತವೆ.

ಕಿಟ್ ಕೊಳ್ಳಲಾಗದವರು ಆರು ವಾರ ತುಂಬುವವರೆಗೆ ಕಾಯಲಿ. ಪರಿಚಯದ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹಾಕಿಕೊಂಡರೆ ಅವಧಿ ಬಹಳ ಕಡಿಮೆಯಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ‘ಬ್ಯಾಕ್ಟೀರಿಯಾ’ ಎಂದು ಬಾಟಲಿಯಲ್ಲಿ ಮಾರುವ ದ್ರವಗಳಿಂದಲೂ ಸ್ವಲ್ಪ ನೆರವಾಗಬಹುದು, ಆದರೆ ಅದನ್ನು ಸುರಿದ ದಿನವೇ ಮೀನು ಬಿಡಬಹುದೆಂಬ ಮಾತನ್ನು ನಂಬಬೇಡಿ.

ಈ ಆರು ವಾರಗಳಲ್ಲಿ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಡುವುದನ್ನು ನಾವು ಎಲ್ಲ ಪಾಲಕರಿಗೂ ಸೂಚಿಸುತ್ತೇವೆ. ದಿನಾಂಕ, ನೀರಿನ ಉಷ್ಣತೆ, ಹೊಸ ಎಲೆ, ಗಾಜಿನ ಮೇಲೆ ಮೂಡಿದ ಕಂದು ಪಾಚಿ, ಗಿಡದೊಂದಿಗೆ ಬಂದ ಬಸವನಹುಳುವಿನ ಮೊಟ್ಟೆ, ಎಲ್ಲವನ್ನೂ ಬರೆಯಲಿ. ಅಂಗಡಿಯಲ್ಲಿ ತಮಿಳಿನಲ್ಲಿ ಕೇಳಿ ತಂದ ಸಾಮಾನು, ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಬರೆದ ಸೂಚನೆ, ದಿನಚರಿ ಮಾತ್ರ ಕನ್ನಡದಲ್ಲಿ. ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಾರೆ, ಆದರೆ ತಾವು ಕಂಡದ್ದನ್ನು ಕನ್ನಡದಲ್ಲಿ ಬರೆಯುವ ಅವಕಾಶ ಅವರಿಗೆ ಸಿಗುವುದು ಅಪರೂಪ.

ಯಾವ ಮೀನು, ಎಷ್ಟು ಮೀನು

ನೀರಿಗೆ ತಕ್ಕ ಮೀನನ್ನು ಆರಿಸಬೇಕು. ಮೀನಿಗೆ ತಕ್ಕಂತೆ ನೀರನ್ನು ಬದಲಿಸಲು ಹೊರಟರೆ ಖರ್ಚೂ ಹೆಚ್ಚು, ಸಾವೂ ಹೆಚ್ಚು. ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ, ಪ್ಲಾಟಿ, ಮಾಲಿ ಮೀನುಗಳು ಹೇಳಿ ಮಾಡಿಸಿದಂತಿವೆ. ನೀಲಿ ಕೆಂಪು ಪಟ್ಟಿಯ ನಿಯಾನ್ ಟೆಟ್ರಾ ಮಕ್ಕಳಿಗೆ ಬಹಳ ಇಷ್ಟ, ಆದರೆ ಅದು ದಕ್ಷಿಣ ಅಮೆರಿಕದ ಮೆದು, ಆಮ್ಲೀಯ ನೀರಿನದು. ನಮ್ಮ ಕೊಳವೆಬಾವಿಯ ನೀರಿಗೆ ಮೊದಲ ಮೀನಾಗಿ ಅದು ಬೇಡ.

ಹೊಸೂರಿನ ಚಳಿಗೆ ಹೀಟರ್ ಇಲ್ಲದೆಯೂ ಹೊಂದಿಕೊಳ್ಳುವ ಮೀನೆಂದರೆ ನೀಲಿ ಪಟ್ಟೆಗಳ ಜೀಬ್ರಾ ಡೇನಿಯೊ. ಅದು ನಮ್ಮ ಉಪಖಂಡದ್ದೇ ಮೀನು. 1822ರಲ್ಲಿ ಅದನ್ನು ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಮೊದಲು ವಿವರಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಇಲ್ಲಿನ ಬೇಸಾಯ, ಜಾತಿ, ಕಸುಬುಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಹೆಸರು ಇತಿಹಾಸ ಓದಿದವರಿಗೆ ಗೊತ್ತಿರುತ್ತದೆ, ಇಬ್ಬರೂ ಒಬ್ಬರೇ. ಕೊನೆಗಾಲದಲ್ಲಿ ಅವರು ಹ್ಯಾಮಿಲ್ಟನ್ ಎಂಬ ಕುಲನಾಮ ಇಟ್ಟುಕೊಂಡರು. ಇಂದು ಈ ಪುಟ್ಟ ಮೀನು ಜಗತ್ತಿನ ಸಂಶೋಧನಾಲಯಗಳಲ್ಲೆಲ್ಲ ಇದೆ. ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಸಮಾನವಾದವು ಇದರಲ್ಲಿಯೂ ಇವೆಯೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

50 ಲೀಟರಿನ ತೊಟ್ಟಿಗೆ ಮೊದಲು ಆರು ಡೇನಿಯೊ ತನ್ನಿ. ಗುಂಪಾಗಿ ಬಾಳುವ ಮೀನನ್ನು ಒಂದೆರಡು ತಂದರೆ ಅದು ಹೆದರಿ ಮೂಲೆ ಸೇರುತ್ತದೆ. ಎರಡು ಮೂರು ವಾರಗಳ ಬಳಿಕ, ಎಲ್ಲವೂ ಸರಿಯಿದ್ದರೆ, ನಾಲ್ಕೈದು ಗಪ್ಪಿ ಅಥವಾ ಪ್ಲಾಟಿ ಸೇರಿಸಬಹುದು. ಅಲ್ಲಿಗೆ ನಿಲ್ಲಿಸುವುದು ಒಳಿತು. ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಹೆಣ್ಣು ಗಪ್ಪಿ ಅಂಗಡಿಯಿಂದ ಬರುವಾಗಲೇ ಬಸುರಾಗಿರುವುದು ಸಾಮಾನ್ಯ. ಆದ್ದರಿಂದ ಬಣ್ಣದ ಬಾಲದ ಗಂಡುಗಳನ್ನಷ್ಟೇ ತರುವುದು ಜಾಣತನ.

ಕೆಲವು ಮೀನುಗಳನ್ನು ತರಲೇಬಾರದು. ಗೋಲ್ಡ್‌ಫಿಶ್ ಗಿಡಗಳನ್ನು ಕಿತ್ತು ತಿನ್ನುತ್ತದೆ, ಹೊಲಸು ಹೆಚ್ಚು ಮಾಡುತ್ತದೆ. ಆಸ್ಕರ್ ಅಡಿಯುದ್ದ ಬೆಳೆದು ಉಳಿದ ಮೀನುಗಳನ್ನೇ ನುಂಗುತ್ತದೆ. ಗಾಜು ನೆಕ್ಕಿ ತೊಟ್ಟಿ ಶುಚಿಮಾಡುತ್ತದೆಂದು ಮಾರುವ ಸಕ್ಕರ್ ಮೀನು ಎರಡು ಅಂಗುಲದ ಮರಿಯಾಗಿ ಬಂದು ಒಂದೂವರೆ ಅಡಿಯವರೆಗೆ ಬೆಳೆಯಬಲ್ಲದು.

ಮೀನಿನ ಚೀಲವನ್ನು ತಂದೊಡನೆ ತೊಟ್ಟಿಗೆ ಸುರಿಯದೆ ಹದಿನೈದು ನಿಮಿಷ ನೀರಿನ ಮೇಲೆ ತೇಲಿಬಿಡಿ. ಬಳಿಕ ಚೀಲಕ್ಕೆ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಸೇರಿಸುತ್ತ ಅರ್ಧ ಗಂಟೆ ಕಳೆದ ಮೇಲೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೇಡ.

ದಿನನಿತ್ಯದ ಆರೈಕೆ ಹೆಚ್ಚೇನಿಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ, ದಿನಕ್ಕೆ ಒಮ್ಮೆ ಅಥವಾ ಎರಡು ಸಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಾವಣೆ. ತೆಗೆದ ನೀರನ್ನು ಹೂಗಿಡಗಳಿಗೆ ಹಾಕಿ. ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆಯಬಾರದು, ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಿಕ್ಕಿ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿದರೆ ಸಾಕು. ಕರೆಂಟು ಹೋದಾಗ ಆಹಾರ ಹಾಕಬೇಡಿ, ಲೋಟದಿಂದ ನೀರನ್ನು ಎತ್ತಿ ಎತ್ತಿ ಸುರಿದು ಗಾಳಿ ಬೆರೆಸಿ. ಊರಹಬ್ಬಕ್ಕೆ ಮೂರು ನಾಲ್ಕು ದಿನ ಮನೆ ಬಿಟ್ಟು ಹೋದರೆ ಆರೋಗ್ಯವಂತ ಮೀನು ಉಪವಾಸದಿಂದ ಸಾಯುವುದಿಲ್ಲ. ಪಕ್ಕದ ಮನೆಯವರು ಅಕ್ಕರೆಯಿಂದ ಮುಷ್ಟಿ ತುಂಬ ಹಾಕುವ ಆಹಾರದಿಂದ ಸಾಯುತ್ತದೆ.

ಕೆರೆಗೆ ಬಿಡಬೇಡಿ

ಮೀನು ದೊಡ್ಡದಾದಾಗ, ಮರಿಗಳು ಹೆಚ್ಚಾದಾಗ, ಮನೆ ಬದಲಿಸುವಾಗ, ಪಾಪ ಬದುಕಿಕೊಳ್ಳಲಿ ಎಂದು ಕೆರೆಗೆ ಬಿಡುವುದು ನಮ್ಮ ಜನರ ಮರುಕದ ರೂಢಿ. ಆ ಮರುಕದ ಹಾನಿ ದೂರದವರೆಗೆ ಹೋಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವಭಾಗವನ್ನು ಹಾದು ಹೊಸೂರಿನ ಬಳಿ ಕೆಲವರಪಳ್ಳಿ ಜಲಾಶಯಕ್ಕೆ, ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟಿಗೆ, ಮುಂದೆ ಸಾತನೂರಿಗೆ, ಕೊನೆಗೆ ಕಡಲೂರಿನ ಬಳಿ ಸಮುದ್ರಕ್ಕೆ ಸೇರುತ್ತದೆ. ನಮ್ಮ ಕೆರೆಗಳಲ್ಲಿ ಅನೇಕವು ಕೋಡಿ ಬಿದ್ದಾಗ ಇದೇ ನದಿಗೆ ಹರಿಯುತ್ತವೆ. ಕಾರ್ಖಾನೆ ಮತ್ತು ಚರಂಡಿ ನೀರಿನಿಂದ ಕೆಲವರಪಳ್ಳಿಯಲ್ಲಿ ನೊರೆ ಏಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ನೀರಿನಲ್ಲಿ ನಮ್ಮ ಸಣ್ಣ ನಾಡಮೀನುಗಳು ಉಳಿಯುವುದೇ ಕಷ್ಟವಾಗಿರುವಾಗ ಸಕ್ಕರ್ ಮೀನಿನಂಥ ಗಟ್ಟಿಜೀವ ಸುಲಭವಾಗಿ ಬಾಳುತ್ತದೆ. ಅದು ಗಾಳಿಯನ್ನೂ ನುಂಗಿ ಉಸಿರಾಡಬಲ್ಲದು, ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ, ಮುಳ್ಳಿನ ಮೈಯಿಂದ ಬೆಸ್ತರ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಆಂಧ್ರದ ಬೆಸ್ತರು ಅದನ್ನು ದೆವ್ವದ ಮೀನೆಂದೇ ಕರೆಯುತ್ತಾರೆ. ತಮಿಳುನಾಡಿನ ಅನೇಕ ಕೆರೆಗಳಿಗೂ ಅದು ಹರಡಿದೆ.

ಹೊರಗಿನಿಂದ ತಂದದ್ದು ಒಮ್ಮೆ ನೆಲೆಯೂರಿದರೆ ಹಿಂದಕ್ಕೆ ಕಳುಹಿಸಲಾಗದು. ನಮ್ಮ ಕಡೆ ಜಿಲೇಬಿ ಮೀನು ಎನ್ನುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದದ್ದು, ಇಂದು ಅದಿಲ್ಲದ ಕೆರೆ ಹುಡುಕುವುದೇ ಕಷ್ಟ. ಗಿಡಗಳ ಮಾತೂ ಹೀಗೆಯೇ. ನಮಗೆ ಮನೆಮಗಳಂತಿರುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾ ಸೇರಿ ಅಲ್ಲಿನ ಕಾಲುವೆ, ಸರೋವರಗಳನ್ನು ಮುಚ್ಚಿತು. ನಮ್ಮ ಕೆರೆಗಳನ್ನು ಮುಚ್ಚಿರುವ ನೀಲಿಹೂವಿನ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಚೆಂದದ ಹೂವಿಗಾಗಿ ತಂದದ್ದು.

ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಹೆಚ್ಚಿನ ಅಂಗಡಿಯವರು ಹಣ ಕೊಡದಿದ್ದರೂ ತೆಗೆದುಕೊಳ್ಳುತ್ತಾರೆ. ಇಲ್ಲವೆ ತೊಟ್ಟಿಯಿರುವ ಇನ್ನೊಂದು ಮನೆಗೋ ಶಾಲೆಗೋ ಕೊಡಿ. ಸತ್ತ ಮೀನನ್ನು ಗಿಡದ ಬುಡದಲ್ಲಿ ಹೂಳಿ. ಕತ್ತರಿಸಿ ತೆಗೆದ ಗಿಡಗಳನ್ನು ಚರಂಡಿಗಾಗಲಿ ಕಾಲುವೆಗಾಗಲಿ ಎಸೆಯದೆ ಮಾಳಿಗೆಯ ಮೇಲೆ ಎರಡು ಮೂರು ದಿನ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹೈಡ್ರಿಲ್ಲಾದ ಒಂದು ಗೆಣ್ಣು ಹಸಿಯಾಗಿ ಉಳಿದರೂ ಅದು ಮತ್ತೆ ಚಿಗುರುತ್ತದೆ.